ಖಾಸಗಿತನಕ್ಕಾಗಿ ನಗದಿಗೆ ಮರಳಬೇಕೆ?

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಯುಪಿಐ ಮೂಲಕ ಬಂದ ಹಣದ ಲೆಕ್ಕ ತರಿಸಿಕೊಂಡ ವಾಣಿಜ್ಯ ತೆರಿಗೆ ಇಲಾಖೆ, 2021-22ರಿಂದ 2024-25ರವರೆಗಿನ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರ ನೋಟಿಸಿನಲ್ಲಿದ್ದ ಮೊತ್ತ ಸುಮಾರು 29 ಲಕ್ಷ ರೂಪಾಯಿ. ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ಆಗ ಎದ್ದ ಪ್ರಶ್ನೆ ಮಾತ್ರ ನಮ್ಮೆಲ್ಲರದು. ನಮ್ಮ ಹಣದ ವ್ಯವಹಾರ ಯಾರ ಯಾರ ಕಣ್ಣಿಗೆ ಬೀಳಬೇಕು? ನಮ್ಮ ಖಾಸಗಿತನ ಕಾಪಾಡಿಕೊಳ್ಳಲು ದಿನನಿತ್ಯದ ಖರ್ಚಿಗೆ ಮತ್ತೆ ನೋಟು ಹಿಡಿಯುವುದು ಸರಿಯೆ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ಹೌದು, ನೋಟಿಗೆ ಹೆಸರಿಲ್ಲ

ಹತ್ತು ರೂಪಾಯಿ ಕೊಟ್ಟು ಟೀ ಕುಡಿದರೆ ಆ ವ್ಯವಹಾರ ಅಲ್ಲಿಗೇ ಮುಗಿಯಬೇಕು. ಯುಪಿಐನಲ್ಲಿ ಅದು ಮುಗಿಯುವುದಿಲ್ಲ. ಆಪ್ ಕಂಪನಿ, ಕೊಟ್ಟವರ ಬ್ಯಾಂಕು, ಪಡೆದವರ ಬ್ಯಾಂಕು, ನಡುವೆ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ, ಇಷ್ಟು ಕಡೆ ಅದರ ದಾಖಲೆ ಕೂರುತ್ತದೆ. ಮನೆ ಸಾಲಕ್ಕೋ ವೀಸಾಕ್ಕೋ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ನೋಡಿ. ಬೆಳಗಿನ ಇಡ್ಲಿ, ಆಟೊ, ಮೆಡಿಕಲ್ ಶಾಪು, ಮಾನಸಿಕ ವೈದ್ಯರ ಫೀಸು, ತಂಗಿಗೆ ಕಳಿಸಿದ ಐನೂರು, ಬಾರಿನ ಬಿಲ್ಲು ಎಲ್ಲವೂ ತಾರೀಖಿನ ಸಮೇತ ಸಾಲಾಗಿ ನಿಂತಿರುತ್ತವೆ. ಸಾಲ ತೀರಿಸುವ ಶಕ್ತಿ ಇದೆಯೇ ಎಂದಷ್ಟೇ ನೋಡಬೇಕಾದವರು ನಿಮ್ಮ ಕಾಯಿಲೆ, ಚಟ, ನಂಟು ಎಲ್ಲವನ್ನೂ ಓದಿಬಿಡುತ್ತಾರೆ.

ಹೆಣ್ಣುಮಕ್ಕಳಿಗೆ ಇದರ ಬಿಸಿ ಇನ್ನೂ ಹೆಚ್ಚು. ಅನೇಕ ಮನೆಗಳಲ್ಲಿ ಹೆಂಡತಿಯ ಖಾತೆಗೆ ಜೋಡಿಸಿರುವ ಮೊಬೈಲ್ ನಂಬರ್ ಗಂಡನದ್ದು. ಅವಳು ತವರಿಗೆ ಇನ್ನೂರು ರೂಪಾಯಿ ಕಳಿಸಿದರೂ ಮೆಸೇಜು ಅವನ ಫೋನಿಗೆ ಬರುತ್ತದೆ, ಸಂಜೆ ವಿಚಾರಣೆ ಶುರುವಾಗುತ್ತದೆ. ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ದುಡ್ಡಿಗೆ ಆ ಕಾವಲು ಇರಲಿಲ್ಲ. ಕಾಲೇಜು ಹುಡುಗಿ ಆಟೊದವರಿಗೆ ಹಣ ಹಾಕಿದರೆ ಅವಳ ಹೆಸರು ಅವರಿಗೆ ಕಾಣುತ್ತದೆ. ಯುಪಿಐ ಐಡಿಯಲ್ಲೇ ಮೊಬೈಲ್ ನಂಬರ್ ಇದ್ದರೆ ಅದೂ ಸಿಕ್ಕೀತು. ಇಪ್ಪತ್ತು ಮೂವತ್ತು ರೂಪಾಯಿಯ ವ್ಯವಹಾರಕ್ಕೆ ಹೆಸರು, ವಿಳಾಸ ಹೇಳಿ ಬರುವ ಕರ್ಮ ಯಾರಿಗೆ ಬೇಕು?

ನಗದು ಎಂದ ಕೂಡಲೇ ತೆರಿಗೆ ಕಳ್ಳತನ ಎನ್ನುವವರು ಲೆಕ್ಕ ಮಾಡಲಿ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ದಿನಕ್ಕೆ ಹಂಚಿದರೆ ಸುಮಾರು 11,000. ಇದು ಮಾರಾಟದ ಮೊತ್ತ. ಹಾಲು, ಸಿಗರೇಟು ಮಾರುವ ಸಣ್ಣ ಅಂಗಡಿಯಲ್ಲಿ ನೂರಕ್ಕೆ ಉಳಿಯುವುದು ಕೆಲವೇ ರೂಪಾಯಿ. ಅದೇ ಕ್ಯೂಆರ್ ಕೋಡಿಗೆ ಭಾವ ಕೊಟ್ಟ ಕೈಸಾಲ ಬಂದಿರುತ್ತದೆ, ಎತ್ತಿದ ಚೀಟಿಯ ಹಣ ಬಂದಿರುತ್ತದೆ. ದಾಖಲೆಗೆ ಎಲ್ಲವೂ ‘ಬಂದ ಹಣ’. ಜಿಎಸ್‌ಟಿಯೇ ಇಲ್ಲದ ತಾಜಾ ತರಕಾರಿ ಮಾರುವವರ ಮನೆಗೂ ನೋಟಿಸ್ ಹೋಗಿದ್ದು ಹೀಗೆ. 2020ರ ಪಿಎಂ ಸ್ವನಿಧಿ ಯೋಜನೆಯಲ್ಲಿ ಬೀದಿಬದಿ ವ್ಯಾಪಾರಿಗಳಿಗೆ ಸಾಲ ಕೊಟ್ಟು, ಡಿಜಿಟಲ್ ಪಾವತಿ ಪಡೆದರೆ ಕ್ಯಾಶ್‌ಬ್ಯಾಕ್ ಎಂದು ಹುರಿದುಂಬಿಸಿದ್ದು ಸರ್ಕಾರವೇ. ಅನುಕೂಲಕ್ಕೆಂದು ಜನ ಒಪ್ಪಿಕೊಂಡ ವ್ಯವಸ್ಥೆಯ ಮಾಹಿತಿ ನಾಲ್ಕು ವರ್ಷದ ಮೇಲೆ ಅವರ ವಿರುದ್ಧವೇ ಪುರಾವೆಯಾಗಿ ಬಂದರೆ, ನಂಬಿಕೆ ಉಳಿಯುವುದಾದರೂ ಹೇಗೆ?

ಕಪ್ಪುಹಣದ ಹೆದರಿಕೆಯೂ ಇಲ್ಲಿ ಸಲ್ಲದು. 2 ಲಕ್ಷ ಮತ್ತು ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಲ್ಲೇ ನಿಷೇಧಿಸಿದೆ. ನಾವು ಕೇಳುತ್ತಿರುವುದು ಸೊಪ್ಪು, ಹೂವು, ಮಾತ್ರೆ, ಹುಂಡಿಯ ಕಾಣಿಕೆಗೆ ಬೇಕಾದ ಗುಟ್ಟು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಅರ್ಜಿ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ ಬಂದ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯೋ, ಸರ್ಕಾರ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಲು ಬಾಗಿಲು ತೆರೆದಿಟ್ಟಿದೆ. ಆ ಬಾಗಿಲು ಮುಚ್ಚುವ ತನಕ ಸಣ್ಣ ಖರ್ಚಿಗೆ ನೋಟು ಬಳಸಿ. ಯಾರನ್ನೂ ಕೇಳದೆ ಚಲಾಯಿಸಬಹುದಾದ ಹಕ್ಕು ಸದ್ಯಕ್ಕೆ ಅದೊಂದೇ.

ವಿರೋಧ: ಬೇಡ, ಓಡಿಹೋದರೆ ಹಕ್ಕು ಸಿಗದು

ಖಾಸಗಿತನ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಅದನ್ನು ನಗದು ಉಳಿಸಿಕೊಡುತ್ತದೆ ಎಂಬ ಮಾತನ್ನು ಒಪ್ಪಲಾಗದು. ಸಾಸಿವೆ ಡಬ್ಬಿಯ ವಿಷಯವನ್ನೇ ತೆಗೆದುಕೊಳ್ಳಿ. 2016ರ ನವೆಂಬರ್ 8ರ ರಾತ್ರಿ 500, 1,000ದ ನೋಟು ರದ್ದಾದಾಗ, ಹೆಂಗಸರು ವರ್ಷಗಟ್ಟಲೆ ಗುಟ್ಟಾಗಿ ಕೂಡಿಟ್ಟ ಹಣವನ್ನು ಗಂಡ ಮಕ್ಕಳ ಮುಂದೆ ತೆಗೆದಿಡಬೇಕಾಯಿತು, ಬ್ಯಾಂಕಿನ ಕ್ಯೂನಲ್ಲಿ ಹಿಡಿದು ನಿಲ್ಲಬೇಕಾಯಿತು. ಮನೆಯಲ್ಲಿಟ್ಟ ದುಡ್ಡನ್ನು ಕುಡುಕ ಗಂಡ ಕಿತ್ತುಕೊಂಡರೆ ಅದು ಇತ್ತು ಎನ್ನುವುದಕ್ಕೂ ಸಾಕ್ಷಿ ಇರುವುದಿಲ್ಲ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ನೇರವಾಗಿ ಯಜಮಾನಿಯ ಖಾತೆಗೇ ಬರುವಂತಾದದ್ದು ಇದೇ ಕಾರಣಕ್ಕೆ ದೊಡ್ಡ ಬದಲಾವಣೆ. ಖಾತೆಗೆ ಗಂಡನ ನಂಬರ್ ಇದ್ದರೆ ಬದಲಿಸಬೇಕಾದದ್ದು ಆ ನಂಬರನ್ನು.

ದುಡಿಯುವವರ ಪಾಲಿಗೆ ದಾಖಲೆಯೇ ಬಲ. ‘ಹೋದ ವಾರವೇ ಕೈಗೆ ಕೊಟ್ಟೆನಲ್ಲಪ್ಪ’ ಎಂದು ಮೇಸ್ತ್ರಿ ಸಾಧಿಸಿದರೆ ಗಾರೆ ಕೆಲಸದವರು ಏನು ತೋರಿಸಬೇಕು? ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಲಕ್ಷಗಟ್ಟಲೆ ಅಡ್ವಾನ್ಸನ್ನು ನಗದಾಗಿ ಕೊಟ್ಟು, ಮನೆ ಖಾಲಿ ಮಾಡುವಾಗ ಪೇಂಟಿಂಗ್, ರಿಪೇರಿ ಎಂಬ ಲೆಕ್ಕದಲ್ಲಿ ಕಳೆದುಕೊಂಡವರನ್ನು ಕೇಳಿ ನೋಡಿ. ಕಂಡಕ್ಟರು ಟಿಕೆಟ್ ಹಿಂದೆ ಬರೆದುಕೊಟ್ಟ ಚಿಲ್ಲರೆಯನ್ನು ಇಳಿಯುವ ಗಡಿಬಿಡಿಯಲ್ಲಿ ಬಿಟ್ಟುಬಂದವರು, ಅಂಗಡಿಯಲ್ಲಿ ಎರಡು ರೂಪಾಯಿಗೆ ಬದಲು ಚಾಕೊಲೇಟ್ ಹಿಡಿದು ಬಂದವರು ಲೆಕ್ಕವಿಲ್ಲದಷ್ಟು. 2016ರ ಏಪ್ರಿಲ್‌ನಲ್ಲಿ ಶುರುವಾದ ಯುಪಿಐನಲ್ಲಿ 2025ರ ಆಗಸ್ಟ್ ತಿಂಗಳೊಂದರಲ್ಲೇ 2,000 ಕೋಟಿಗೂ ಹೆಚ್ಚು ವ್ಯವಹಾರ ನಡೆದಿವೆ. ಕೊಟ್ಟದ್ದು ಕೊಟ್ಟಂತೆ, ಬಂದದ್ದು ಬಂದಂತೆ ಕಣ್ಣಿಗೆ ಕಾಣುತ್ತದೆ ಎಂಬ ಭರವಸೆ ಇಲ್ಲದೆ ಜನ ಇಷ್ಟು ನೆಚ್ಚಿಕೊಳ್ಳುತ್ತಿರಲಿಲ್ಲ.

ತೆರಿಗೆಯ ಮಾತಿಗೆ ಬಂದರೆ, ವಹಿವಾಟು ಮಿತಿ ದಾಟಿದವರಿಗೆ ನಗದಾದರೂ ಒಂದೇ, ಯುಪಿಐ ಆದರೂ ಒಂದೇ. ಒಂದೂವರೆ ಕೋಟಿವರೆಗಿನ ವಹಿವಾಟಿನ ವ್ಯಾಪಾರಿಗಳಿಗೆ ರಾಜಿ ತೆರಿಗೆ ಪದ್ಧತಿ ಇದೆ, ದರ ಶೇ 1. ತೆರಿಗೆ ಬೀಳುವ ಸರಕಿನ 50 ಲಕ್ಷ ವಹಿವಾಟಿಗೆ ವರ್ಷಕ್ಕೆ 50,000 ರೂಪಾಯಿ. ತರಕಾರಿಯವರಿಗೆ ನೋಟಿಸ್ ಹೋದದ್ದು ತಪ್ಪೇ ಸರಿ. ಆದರೆ ಕೈಸಾಲ ಯಾವುದು, ಚೀಟಿ ಹಣ ಯಾವುದು ಎಂದು ಬಿಡಿಸಿ ತೋರಿಸಲು ವ್ಯಾಪಾರಿಯ ಕೈ ಹಿಡಿಯುವುದೂ ಅದೇ ಸ್ಟೇಟ್‌ಮೆಂಟು. ನಗದಿನ ಮರೆಯಲ್ಲಿ ನಿಜವಾಗಿ ಉಳಿಯುವವರು ದೊಡ್ಡವರು. ಸೈಟು ಕೊಳ್ಳುವಾಗ ಸರ್ಕಾರದ ಮಾರ್ಗಸೂಚಿ ದರವನ್ನಷ್ಟೇ ಕಾಗದದಲ್ಲಿ ತೋರಿಸಿ ಉಳಿದದ್ದನ್ನು ಬ್ಲ್ಯಾಕ್‌ನಲ್ಲಿ ಕೊಡುವ ಪದ್ಧತಿ ಊರಿಗೆಲ್ಲ ಗೊತ್ತು. ತೆರಿಗೆ ಮುರಿದ ಸಂಬಳವನ್ನೇ ಪಡೆಯುವ ನೌಕರನಿಗೆ ಅಂಥ ಮರೆ ಎಲ್ಲಿದೆ?

ಸಣ್ಣ ಖರ್ಚಿನ ಗುಟ್ಟಿಗೆ ದಾರಿ ಈಗಲೂ ಇದೆ. ಯುಪಿಐ ಲೈಟ್‌ನಲ್ಲಿ 5,000 ರೂಪಾಯಿವರೆಗೆ ತುಂಬಿಟ್ಟುಕೊಂಡು, ಒಂದು ಸಲಕ್ಕೆ 1,000ದವರೆಗೆ ಕೊಡಬಹುದು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಾಣುವುದು ತುಂಬಿದ ಮೊತ್ತ ಮಾತ್ರ, ಟೀ, ಮಾತ್ರೆಗಳ ಪಟ್ಟಿ ಅಲ್ಲಿ ಬರುವುದಿಲ್ಲ. ಮೊಬೈಲ್ ನಂಬರ್ ಇಲ್ಲದ ಯುಪಿಐ ಐಡಿ ಮಾಡಿಕೊಳ್ಳಲೂ ಅನೇಕ ಆಪ್‌ಗಳಲ್ಲಿ ಅವಕಾಶವಿದೆ. ಇನ್ನು ಆನ್‌ಲೈನ್‌ನಲ್ಲಿ ಮೋಸಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಹಣ ಹೋದ ಜಾಡು ಹಿಡಿದು ತಡೆಯುವ ಸಾಧ್ಯತೆಯಾದರೂ ಇರುತ್ತದೆ. ಬಸ್ಸಿನಲ್ಲಿ ಕಿಸೆ ಕತ್ತರಿಸಿದವನ ಜಾಡು ಹಿಡಿಯುವವರಿಲ್ಲ.

ಕಾನೂನಿನ ಅಡಿಪಾಯವೂ ಇದೆ. ಬ್ಯಾಂಕಿನ ವಶದಲ್ಲಿರುವ ದಾಖಲೆಗಳ ಮೇಲೂ ಗ್ರಾಹಕರ ಖಾಸಗಿತನದ ಹಕ್ಕು ಉಳಿಯುತ್ತದೆ ಎಂದು 2004ರಲ್ಲೇ, ಕೆನರಾ ಬ್ಯಾಂಕ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. ಅದರ ಮೇಲೆ ಗೋಡೆ ಕಟ್ಟಬೇಕಾದ ಹೊತ್ತಿನಲ್ಲಿ ತಿಳಿದವರೆಲ್ಲ ನಗದಿಗೆ ಮರಳಿದರೆ, ಕೇಳುವವರು ಕಡಿಮೆಯಾಗುತ್ತಾರೆ. ಮಾಹಿತಿ ಸೋರಿಕೆಯ ಹೊಡೆತ ತಿಳಿಯದವರ ಪಾಲಿಗೆ ಉಳಿಯುತ್ತದೆ.

ಆದ್ದರಿಂದ ಸ್ಕ್ಯಾನರ್ ಕಿತ್ತುಹಾಕುವ ಮೊದಲು ಈ ನಾಲ್ಕನ್ನು ಕೇಳೋಣ. ಬಂದ ಹಣವನ್ನೆಲ್ಲ ವ್ಯಾಪಾರ ಎಂದು ಎಣಿಸಿ ನೋಟಿಸ್ ಕಳಿಸುವ ಮುನ್ನ ಇಲಾಖೆ ವಿಚಾರಿಸಿ ತಿಳಿಯಲಿ. ಹಣ ಕೊಟ್ಟವರ ಹೆಸರು, ನಂಬರ್ ಅಂಗಡಿಯವರಿಗೆ ಕಾಣದಿರಲಿ. ಸಾಲ ಕೊಡುವವರು ಆದಾಯ, ಕಂತಿನ ಸಾರಾಂಶವಷ್ಟೇ ನೋಡಲಿ. ಸರ್ಕಾರಿ ಸಂಸ್ಥೆಗಳಿಗೆ ಕೊಡುವ ವಿನಾಯಿತಿಗೆ ಕಾಯ್ದೆಯಲ್ಲೇ ಮಿತಿ ಬರಲಿ. ಮೊದಲನೆಯದನ್ನು ನಿಮ್ಮ ಶಾಸಕರ ಮುಂದಿಡಿ, ಉಳಿದ ಮೂರನ್ನು ಸಂಸದರ ಮುಂದಿಡಿ, ಮುಂದಿನ ಚುನಾವಣೆಯಲ್ಲಿ ಉತ್ತರ ಕೇಳಿ.