ಮನೆಮಾತು: ಸುರಂಗದಾಚೆಯ ತವರು

ಡೊಂಬಿವಲಿಯ ಸೋದರಿಯೊಬ್ಬರ ಪತ್ರ ನನ್ನ ಮುಂದಿದೆ. ಮೂರು ವರ್ಷದ ಹಿಂದೆ ತವರಾದ ಉಡುಪಿಯಿಂದ ಮರಳುತ್ತಿದ್ದಾಗ, ಕೊಂಕಣ ರೈಲುಮಾರ್ಗದಲ್ಲಿ ರತ್ನಾಗಿರಿ ದಾಟಿದ ಮೇಲೆ ಸಿಗುವ ಕರಬುಡೆ ಸುರಂಗದೊಳಗೆ ಅವರಿಗೆ ಇದ್ದಕ್ಕಿದ್ದಂತೆ ಎದೆ ಡವಡವನೆ ಹೊಡೆದುಕೊಂಡಿತಂತೆ. ಉಸಿರು ಕಟ್ಟಿತು, ಬೆರಳುಗಳು ಜುಮ್ಮೆಂದವು, ಇನ್ನೇನು ಪ್ರಾಣವೇ ಹೋಯಿತು ಎನಿಸಿತು. ಮನೆಗೆ ಬಂದು ವೈದ್ಯರಿಗೆ ತೋರಿಸಿದರೆ ಹೃದಯ, ರಕ್ತ, ಥೈರಾಯ್ಡ್ ಎಲ್ಲವೂ ನೆಟ್ಟಗಿವೆ. ಆದರೂ ಅಂದಿನಿಂದ ಅವರು ಊರಿನ ಗಾಡಿ ಹತ್ತಿಲ್ಲ. ಬಸ್ಸು, ವಿಮಾನಗಳನ್ನು ನೆನೆದರೂ ಅದೇ ನಡುಕ.

“ಎಂಬತ್ತು ದಾಟಿದ ತಾಯಿ ಫೋನಿನಲ್ಲಿ, ‘ಯಾವಾಗ ಬರ್ತೀ ಮಗಾ?’ ಎಂದು ಕೇಳುತ್ತಾರೆ. ಮಕ್ಕಳ ಪರೀಕ್ಷೆ ಎಂದು ಸುಳ್ಳು ಹೇಳುತ್ತೇನೆ. ನಾನು ಅಷ್ಟು ಹೇಡಿಯೇ?” ಎಂದು ಬರೆದಿದ್ದಾರೆ.

ಅಲ್ಲ ತಂಗೀ, ತಾವು ಹೇಡಿಯಲ್ಲ. ಹಾವನ್ನು ಕಂಡಾಗ ಓಡಲು ಮೈಯನ್ನು ಸಿದ್ಧಗೊಳಿಸುವ ಅಡ್ರಿನಲಿನ್ ರಸ, ಅಂದು ಹಾವಿಲ್ಲದೆಯೇ ಸುರಿಯಿತು. ಗಾಬರಿಯಲ್ಲಿ ಬೇಗಬೇಗ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ. ಅದನ್ನು ಕಂಡು ಗಾಬರಿ ಇಮ್ಮಡಿಯಾಗುತ್ತದೆ. ವೈದ್ಯರು ಇದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಈ ಅಲೆ ಸಾಮಾನ್ಯವಾಗಿ ಹತ್ತು ನಿಮಿಷಗಳೊಳಗೆ ಏರಿ, ಬಳಿಕ ತಾನಾಗಿ ಇಳಿಯುತ್ತದೆ. ಕರಬುಡೆ ಸುರಂಗದ ಉದ್ದ ಸುಮಾರು 6.5 ಕಿಲೋಮೀಟರ್, ಗಂಟೆಗೆ 60 ಕಿಲೋಮೀಟರ್ ಓಡುವ ಗಾಡಿಗೆ ಆರೂವರೆ ನಿಮಿಷದ ದಾರಿ. ಸುರಂಗಕ್ಕೂ ಕೊನೆಯುಂಟು, ಗಾಬರಿಗೂ ಕೊನೆಯುಂಟು.

ಹಾಗಿದ್ದರೆ ಭಯ ಮೂರು ವರ್ಷ ಉಳಿದುದೇಕೆ? ಪ್ರಯಾಣ ರದ್ದುಮಾಡಿದಾಗಲೆಲ್ಲ ಮನಸ್ಸಿಗೆ ಹಾಯೆನಿಸುತ್ತದೆ. ಆ ನೆಮ್ಮದಿಯೇ ಭಯಕ್ಕೆ ನಾವು ಹಾಕುವ ತುತ್ತು. ‘ಹೋಗದಿದ್ದುದರಿಂದ ಉಳಿದೆ’ ಎಂಬ ತಪ್ಪುಪಾಠವನ್ನು ಮನಸ್ಸು ಕಲಿತುಬಿಡುತ್ತದೆ.

ಆದುದರಿಂದ ಮೆಟ್ಟಿಲು ಮೆಟ್ಟಿಲಾಗಿ ಹೊರಡಿ. ಮೊದಲು ಲೋಕಲ್ ಗಾಡಿಯಲ್ಲಿ ಠಾಣೆಯಿಂದ ಪನವೇಲಿಗೆ ಹೋಗಿಬನ್ನಿ. ಬೇಸರ ಬರುವಷ್ಟು ಸಲ ಹೋಗಿಬನ್ನಿ. ಆಮೇಲೆ ಹಗಲಿನ ಗಾಡಿಯಲ್ಲಿ ಮಾಣಗಾಂವ್, ಅನಂತರ ಚಿಪ್ಳೂಣ್. ಅಲೆ ಎದ್ದರೆ ನಡುವೆ ಇಳಿಯದಿರಿ, ಅದರೊಡನೆ ಸೆಣಸಲೂ ಬೇಡಿ. “ಇದು ಗಾಬರಿ, ಇಳಿದುಹೋಗುತ್ತದೆ” ಎಂದುಕೊಂಡು, ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು, ಆರು ಎಣಿಸುವಷ್ಟು ನಿಧಾನವಾಗಿ ಬಿಡಿ. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯ ಬೇಡ. ಹೊರಡುವ ದಿನ ಕಾಫಿ ಕಡಿಮೆ ಮಾಡಿ, ಊಟ ಬಿಡಬೇಡಿ. ನೆರೆಮನೆಯವರು ಕೊಟ್ಟ ನಿದ್ದೆಮಾತ್ರೆಯನ್ನಂತೂ ಮುಟ್ಟಬೇಡಿ.

ಒಬ್ಬರಿಂದಲೇ ಆಗದಿದ್ದರೆ ಮನೋವೈದ್ಯರ ನೆರವು ಪಡೆಯಲು ನಾಚಿಕೆ ಬೇಡ. ಈ ತೊಂದರೆಗೆ ಒಳ್ಳೆಯ ಚಿಕಿತ್ಸೆಯಿದೆ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್‌ಗೆ 14416ರಲ್ಲಿ ಹಗಲಿರುಳೂ ಖರ್ಚಿಲ್ಲದೆ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಇತರ ವಾಚಕರಿಗೂ ಒಂದು ಎಚ್ಚರಿಕೆ: ಮೊದಲ ಸಲ ಎದೆನೋವು ಬಂದರೆ ಗಾಬರಿಯೆಂದು ತಾವೇ ತೀರ್ಮಾನಿಸದೆ ಕೂಡಲೆ ವೈದ್ಯರಿಗೆ ತೋರಿಸಿ. ಮನೆಯವರೂ “ಏನೂ ಆಗಿಲ್ಲ, ಸುಮ್ಮನಿರು” ಎಂದು ಗದರಿಸದೆ ಪಕ್ಕದಲ್ಲಿ ಕುಳಿತು ಜತೆಗೆ ಉಸಿರು ಎಣಿಸಲಿ.

ಕೊನೆಗೊಂದು ಮಾತು, ತಂಗೀ. ಇಂದೇ ತಾಯಿಗೆ ನಿಜ ಹೇಳಿ. ಮಗಳು ತನ್ನನ್ನು ಮರೆತಳೆಂದು ಕೊರಗುವುದಕ್ಕಿಂತ, ಹೆದರಿದ್ದರೂ ಒಂದೊಂದೇ ನಿಲ್ದಾಣ ದಾಟಿ ಬರುತ್ತಿದ್ದಾಳೆ ಎಂದು ತಿಳಿಯುವುದು ಆ ಹಿರಿಯ ಜೀವಕ್ಕೆ ಹಿತ. ಚಿಪ್ಳೂಣ್ ಮುಟ್ಟಿದ ದಿನ ನನಗೂ ಒಂದು ಸಾಲು ಬರೆಯಿರಿ.