ಸೋರ್ಸ್ ಕೊಟ್ಟರೆ ಸಾಲದು, ಕಟ್ಟೋದನ್ನೂ ಹೇಳಿಕೊಡ್ರಿ!



ಇಚಲಕರಂಜಿಯ ಯಾವ ಮಗ್ಗದವರನ್ನಾದರೂ ಕೇಳಿ. ನೂಲು ತಂದಿಟ್ಟ ಮಾತ್ರಕ್ಕೆ ಬಟ್ಟೆ ಆಗುವುದಿಲ್ಲ. ಹಾಸು ಸುತ್ತಬೇಕು, ಸೈಜಿಂಗ್‌ನಲ್ಲಿ ಗಂಜಿ ಹಿಡಿಸಬೇಕು, ಎಳೆಗಳನ್ನು ಹಣಿಗೆಯಲ್ಲಿ ಪೋಣಿಸಬೇಕು, ಆಮೇಲೆ ಮಗ್ಗ. ನಡುವೆ ಒಂದು ಕೆಲಸ ಬಿಟ್ಟರೂ ಮಗ್ಗ ನಿಂತಿತು!

ನಮ್ಮ ತಂತ್ರಾಂಶದ ಪಂಡಿತರು ಕೊಡುವುದು ಬರೀ ನೂಲು. "ಸೋರ್ಸ್ ಕೋಡ್ ಮುಕ್ತವಾಗಿದೆ, ಯಾರು ಬೇಕಾದರೂ ತಿದ್ದಿರಿ" ಅನ್ನುತ್ತಾರೆ. ತಿದ್ದಿದ್ದನ್ನು ಬಿಲ್ಡ್ ಮಾಡುವುದು ಹೇಗೆ? ಅದು ಇಂಗ್ಲಿಷಿನಲ್ಲಿ, ಅದೂ ಗೊತ್ತಿದ್ದವರಿಗೆ ಮಾತ್ರ ತಿಳಿಯುವ ಹಾಗೆ ನಾಲ್ಕು ಸಾಲು.

ಒಂದು ಉದಾಹರಣೆ. ಲಿನಕ್ಸ್ ಪರದೆಯ ಹಿಂದೆ ಬಹುಕಾಲ ದುಡಿದದ್ದು ಎಕ್ಸ್ ಎಂಬ ವ್ಯವಸ್ಥೆ. ಮೊದಲು ಅದು ಒಂದೇ ದೊಡ್ಡ ಮೂಟೆ. 2005ರ ಡಿಸೆಂಬರಿನಲ್ಲಿ ಬಂದ ಎಕ್ಸ್11ಆರ್7.0 ಅದನ್ನು ಬಿಡಿ ಬಿಡಿ ಪ್ಯಾಕೇಜುಗಳಾಗಿ ಒಡೆಯಿತು. ಒಳ್ಳೆಯದೇ ಆಯಿತು, ಒಂದನ್ನು ತಿದ್ದಲು ಎಲ್ಲವನ್ನೂ ಕಟ್ಟಬೇಕಿಲ್ಲ. ಆದರೆ ಸರದಿ ಗೊತ್ತಿರಬೇಕು: ಮೊದಲು ಪ್ರೋಟೋಕಾಲ್ ಹೆಡರುಗಳು, ನಂತರ ಲೈಬ್ರರಿಗಳು, ಆಮೇಲೆ ಸರ್ವರ್, ಅದರ ಮೇಲೆ ಡ್ರೈವರುಗಳು.

ಕೀಲಿಮಣೆಗಳದ್ದೂ ಇಂಥದೇ ಒಂದು ಬಿಡಿ ಪ್ಯಾಕೇಜು, ಎಕ್ಸ್‌ಕೀಬೋರ್ಡ್-ಕಾನ್ಫಿಗ್. ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ಕಗಪ ವಿನ್ಯಾಸ ಅದರೊಳಗೇ ಇದೆ. ಸಿಂಬಲ್ಸ್ ಫೋಲ್ಡರಿನ 'ಇನ್' ಎಂಬ ಕಡತ ತೆರೆದರೆ ಯಾವ ಕೀಲಿಗೆ ಯಾವ ಅಕ್ಷರ ಎಂಬುದು ಬರೀ ಪಠ್ಯದಲ್ಲಿದೆ. ಹೈಸ್ಕೂಲ್ ಹುಡುಗಿಯೂ ತಿದ್ದಬಲ್ಲಳು! ಆದರೆ ಮುಂದೆ? ಹಳೆಯ ಟಿಪ್ಪಣಿಗಳು "ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್" ಎಂದು ಮಂತ್ರ ಹೇಳುತ್ತವೆ. ಪ್ಯಾಕೇಜು ಆ ದಾರಿ ಬಿಟ್ಟು ಮೆಸಾನ್, ನಿಂಜಾ ಹಿಡಿದಿದೆ. ಮಂತ್ರ ನಂಬಿದವಳು ಮೊದಲ ಸಾಲಿಗೇ ಮುಗ್ಗರಿಸುತ್ತಾಳೆ. 'ನನಗೆ ತಲೆ ಇಲ್ಲ' ಅಂದುಕೊಂಡು ಎದ್ದು ಹೋಗುತ್ತಾಳೆ. ತಲೆ ಇಲ್ಲದ್ದು ಆ ಟಿಪ್ಪಣಿಗೆ!

"ರೆಡಿಮೇಡ್ ಸಿಗುತ್ತಲ್ಲ ಸರ್, ಯಾಕೆ ಕಟ್ಟಬೇಕು?" ಎನ್ನುವವರಿದ್ದಾರೆ. ರೆಡಿಮೇಡಿನಲ್ಲಿ ಕನ್ನಡದ ತಪ್ಪಿದ್ದರೆ ತಿದ್ದುವವರು ಯಾರು? ಅಮೆರಿಕದವರೇ? "ಇಷ್ಟು ಮಾಡುವವರಿಗೆ ಇಂಗ್ಲಿಷ್ ಬಂದೇ ಬರುತ್ತೆ" ಎಂಬುದು ಇನ್ನೊಂದು ವಾದ. ಗಡಹಿಂಗ್ಲಜ ಕಡೆಯ ಹುಡುಗ ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ ಆಡಿ ಬೆಳೆದವನು. ಬಾಲಭಾರತಿ ಅವನಿಗೆ ವಿಜ್ಞಾನದ ಪುಸ್ತಕವನ್ನು ಕನ್ನಡದಲ್ಲೇ ಅಚ್ಚು ಹಾಕಿಕೊಡುತ್ತದೆ. ಮಹಾರಾಷ್ಟ್ರ ಮಾಡುವುದು ಬೆಂಗಳೂರಿಗೆ ಆಗುವುದಿಲ್ಲವೇ?

ನಾವು ಗಡಿನಾಡ ಮಾಸ್ತರರು ಕೇಳುವುದು ಇಷ್ಟೇ. ಯಾವ ಆವೃತ್ತಿಗೆ ಬರೆದದ್ದು ಎಂದು ಮೇಲೆಯೇ ಹಾಕಿ. ಮೊದಲು ಏನೇನು ಬೇಕು, ಯಾವ ಸರದಿಯಲ್ಲಿ, ಹೇಳಿ. ಇದ್ದದ್ದನ್ನು ಕೆಡಿಸದೆ ಬೇರೆ ಫೋಲ್ಡರಿನಲ್ಲಿ ಕೂರಿಸುವುದನ್ನೂ, ಕೆಟ್ಟರೆ ಹಿಂದಕ್ಕೆ ಬರುವುದನ್ನೂ ಹೇಳಿ. ಬರೆದಾದ ಮೇಲೆ ಹೊಸ ಕಂಪ್ಯೂಟರಿನ ಮುಂದೆ ಬೇರೆಯವರನ್ನು ಕೂರಿಸಿ, ನೀವು ಬಾಯಿ ಮುಚ್ಚಿಕೊಂಡು ನೋಡಿ. ಎಲ್ಲಿ ನಿಂತರೋ ಅಲ್ಲಿ ನಿಮ್ಮ ಬರಹ ತಪ್ಪು.

ಕನ್ನಡ ಚೆನ್ನಾಗಿ ಬರುವುದಿಲ್ಲ ಎಂಬ ಅಂಜಿಕೆಯೇ? ಬರೆದು ಕಳಿಸಿ. ತಿದ್ದುವುದು ನಮ್ಮ ಕಸುಬು!