ಕಾಯಕ ಕಸಿದವರು ಕಾಯಕವನ್ನು ಬೋಧಿಸಬಾರದು



ಆರ್ಥಿಕ ಹಿಂಜರಿತ ಬಂದಾಗಲೆಲ್ಲ ಒಂದು ಉಪದೇಶ ಕೇಳಿಬರುತ್ತದೆ: ಉದ್ಯೋಗ ಹೋದುದಕ್ಕೆ ಮರುಗಬಾರದು, ನಿಷ್ಠೆಯಿಂದ ಕಾಯಕ ಮಾಡಿದವನನ್ನು ಯಾರೂ ಕೈಬಿಡುವುದಿಲ್ಲ. ಹೀಗೆ ಹೇಳುವವರು ಬಹುಮಟ್ಟಿಗೆ ಉದ್ಯೋಗ ಕಳೆದುಕೊಂಡವರಲ್ಲ, ಉದ್ಯೋಗದಿಂದ ತೆಗೆದವರು. ಇದು ಕಾಯಕತತ್ತ್ವದ ವ್ಯಾಖ್ಯಾನವಲ್ಲ, ಅದರ ಅಪಹರಣ.

2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ಸಂಸ್ಥೆ ದಿವಾಳಿಗೆ ಅರ್ಜಿ ಹಾಕಿತು. ಆ ಬಿರುಗಾಳಿಗೆ ಬೆಂಗಳೂರಿನ ಮನೆಗಳೂ ನಡುಗಿದವು. ಅಲ್ಲಿನ ಬ್ಯಾಂಕುಗಳು ವೆಚ್ಚ ಕಡಿತಗೊಳಿಸಿದಾಗ ಇಲ್ಲಿನ ಯೋಜನೆಗಳು ನಿಂತವು. ಕೆಲಸವಿಲ್ಲದೆ 'ಬೆಂಚಿ'ನ ಮೇಲೆ ಕುಳಿತ ತರುಣರು ದಿನವೂ ಕರೆಗಾಗಿ ಅಂಜುತ್ತ ಕಾದರು. ಗೃಹಸಾಲದ ಕಂತು ಮಾತ್ರ ಯಾರಿಗೂ ಕಾಯಲಿಲ್ಲ.

ಇಲ್ಲಿ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು. ಹೊರಗುತ್ತಿಗೆಯೆಂದರೆ ಕೂಲಿ ಅಗ್ಗವಾದೆಡೆಗೆ ಕೆಲಸ ಸಾಗುವುದು. ನಮ್ಮ ಮಗನಿಗೆ ನೇಮಕದ ಪತ್ರ ಬಂದಾಗ ಅಮೆರಿಕದ ಯಾವನೋ ಒಬ್ಬನಿಗೆ ವಜಾಪತ್ರ ತಲುಪಿರಬಹುದು. ಹಾಗೆ ಕೆಲಸ ಕಳೆದುಕೊಳ್ಳುವುದಕ್ಕೆ ಅಲ್ಲಿ ನಮ್ಮ ಊರ ಹೆಸರನ್ನೇ ಕ್ರಿಯಾಪದವಾಗಿಸಿ 'ಬ್ಯಾಂಗಲೋರ್ಡ್' ಎಂದರು. 2009ರ ಮೇ ತಿಂಗಳಲ್ಲಿ ಅಧ್ಯಕ್ಷ ಒಬಾಮ ತೆರಿಗೆ ನೀತಿಯನ್ನು ವಿವರಿಸುವಾಗ ಬಫಲೋ ನಗರದ ಎದುರಿಗೆ ಬೆಂಗಳೂರನ್ನು ಹೆಸರಿಸಿದರು. ಅವನ ಕಣ್ಣೀರಿಗೆ ಅಂದು ನಾವು ಮರುಗಿದೆವೇ? ಅದೇ ತಕ್ಕಡಿ ನಮ್ಮತ್ತ ತಿರುಗಿದಾಗ ಮಾತ್ರ ಅನ್ಯಾಯವೆಂದೆವೇ? ಕೆಲಸ ಕಳೆದುಕೊಂಡ ಇಬ್ಬರೂ ಶತ್ರುಗಳಲ್ಲ. ಇಬ್ಬರನ್ನೂ ತೂಗಿದವರು ಒಬ್ಬರೇ.

ತೆಗೆಯುವ ರೀತಿಯನ್ನು ನೋಡಿರಿ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯು ಒಂದು ವರ್ಷ ದುಡಿದ ಕಾರ್ಮಿಕನನ್ನು ಹೊರಹಾಕಬೇಕಾದರೆ ಒಂದು ತಿಂಗಳ ಮುನ್ಸೂಚನೆ, ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನದ ಪರಿಹಾರ ಎಂದು ವಿಧಿಸಿತ್ತು. ಅದರಿಂದ ನುಣುಚಿಕೊಳ್ಳಲು ಕಂಡುಕೊಂಡ ದಾರಿಯೇ ರಾಜೀನಾಮೆ ಬರೆಸಿಕೊಳ್ಳುವುದು. 'ತಾನಾಗಿ ಬಿಟ್ಟ' ಎಂದು ಕಾಗದ ಹೇಳಿದ ಮೇಲೆ ಪರಿಹಾರವೆಲ್ಲಿ? ಕೂಡಿಟ್ಟ ಲಾಭ ಹಾಗೆಯೇ ಇದ್ದರೂ ನಿನ್ನೆಯವರೆಗೆ ಶ್ಲಾಘನೆಗೆ ಪಾತ್ರನಾಗಿದ್ದವನು ಇಂದು ಅಸಮರ್ಥನಾಗುತ್ತಾನೆ. ಅನ್ನವನ್ನು ಕಸಿದದ್ದಲ್ಲದೆ ಮಾನವನ್ನೂ ಕಸಿಯುವುದು ಯಾವ ಧರ್ಮ? ಇನ್ನು ಅದೇ ಕಟ್ಟಡವನ್ನು ಗುಡಿಸಿದವಳು, ಬಾಗಿಲು ಕಾಯ್ದವನು ಏಜೆನ್ಸಿಯ ಗುತ್ತಿಗೆಯವರು. ಅವರು ಹೋದದ್ದು ಸುದ್ದಿಯೂ ಆಗುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಕಾರ್ಖಾನೆಗಳು ಕಾರ್ಮಿಕರನ್ನು ತೆಗೆಯುವ ಮುನ್ನ ಸರ್ಕಾರದ ಅನುಮತಿ ಪಡೆಯಬೇಕಾದ ಮಿತಿಯನ್ನು 100ರಿಂದ 300 ಕಾರ್ಮಿಕರಿಗೆ ಏರಿಸಿದೆ. ಬೇಲಿ ಇನ್ನಷ್ಟು ದೂರ ಸರಿಯಿತು.

ಆಯ್ದಕ್ಕಿ ಮಾರಯ್ಯನವರ ಕಥೆ ನಮಗೆಲ್ಲ ತಿಳಿದದ್ದೇ. ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಪತಿಯನ್ನು ಲಕ್ಕಮ್ಮ ಹಿಂದಕ್ಕೆ ಕಳುಹಿದರು. ಈ ಕಥೆಯನ್ನು ನಾವು ಬಡವನಿಗೆ ಹೇಳಿ, 'ಆಸೆ ಬೇಡ' ಎನ್ನುತ್ತೇವೆ. ಆದರೆ ಆ ಮಾತು ತಾಗಿದ್ದು ಬರಿಗೈಯವನಿಗಲ್ಲ, ಹೆಚ್ಚು ತಂದವನಿಗೆ. ಹಿಂಜರಿತದ ದಿನಗಳಲ್ಲಿ ಅದನ್ನು ಮೊದಲು ಕೇಳಬೇಕಾದವರು ಯಾರು?

'ಬೇಡಿಕೆಯೇ ಕುಸಿದರೆ ಸಂಬಳ ಎಲ್ಲಿಂದ ಕೊಡೋಣ?' ಎಂಬ ಉದ್ಯಮಿಯ ಪ್ರಶ್ನೆ ಸುಳ್ಳಲ್ಲ. ನಷ್ಟ ನಿಜವಾಗಿದ್ದರೆ ಅದನ್ನು ಹಂಚಿಕೊಳ್ಳುವ ಕ್ರಮವೂ ಉಂಟು. ಮೊದಲು ಮೇಲಿನವರ ಪಾಲು ಇಳಿಯಲಿ, ಬಳಿಕ ಎಲ್ಲರ ದುಡಿಮೆಯ ಅವಧಿ ಇಳಿಯಲಿ. ಬಿಡಿಸುವುದು ಅನಿವಾರ್ಯವಾದರೆ ಕಾರಣವನ್ನು ಮುಚ್ಚಿಡದೆ ಹೇಳಿ, ಬಾಕಿಯನ್ನು ಪೂರ್ತಿ ತೀರಿಸಿ, ಕಳಂಕವಿಲ್ಲದ ಸೇವಾಪತ್ರದೊಡನೆ ಬೀಳ್ಕೊಡಲಿ. ಲಾಭ ಬಂದಾಗ ನೀಡುವುದಷ್ಟೇ ದಾಸೋಹವಲ್ಲ, ನಷ್ಟದಲ್ಲಿ ಪಾಲುಗೊಳ್ಳುವುದೂ ದಾಸೋಹವೇ.

ಉದ್ಯಮ ನಡೆಸುವ, ವಿದ್ಯಾಸಂಸ್ಥೆ ನಡೆಸುವ ಸದ್ಭಕ್ತರೇ, ನಿಮ್ಮಲ್ಲಿ ಗುತ್ತಿಗೆಯ ಮೇಲೆ ದುಡಿಯುವವರ ಪಟ್ಟಿಯನ್ನು ಇಂದೇ ತೆಗೆದು ನೋಡಿರಿ. ಉದ್ಯೋಗ ಕಳೆದುಕೊಂಡ ಬಂಧುಗಳೇ, ಅದು ನಿಮ್ಮ ಕಾಯಕದ ದೋಷವಲ್ಲ, ತಲೆ ತಗ್ಗಿಸಬೇಡಿರಿ. ಒತ್ತಾಯದ ಕಾಗದಕ್ಕೆ ಒಂಟಿಯಾಗಿ ಸಹಿ ಹಾಕಬೇಡಿರಿ.